ರೇಟಪ್ಪನ ಕೂಡು ಕುಟುಂಬ

ನನ್ನ ತಂಗಿಯ ಗಂಡನಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಅದೀಗ ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿದೆ. ಬೀದಿಯವರಿಗೆಲ್ಲ ಅವನು ರೇಟಪ್ಪ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಫೋನಿನಲ್ಲಿ ಡಾಲರಿನ ರೇಟು ನೋಡುತ್ತಾನೆ. ದಾರಿಯಲ್ಲಿ ಸಿಕ್ಕವರಿಗೆ 'ಚೆನ್ನಾಗಿದೀರಾ' ಅಂತ ಕೇಳುವ ಬದಲು 'ಇವತ್ತು ಸ್ವಲ್ಪ ಏರಿದೆ' ಅನ್ನುತ್ತಾನೆ. ಅವರು ಚೆನ್ನಾಗಿರಲಿ ಬಿಡಲಿ, ರೇಟು ಚೆನ್ನಾಗಿದ್ದರೆ ಅವನಿಗೆ ಸಾಕು.

ಎದುರಿಗೆ ನಾನು ಅವನಿಗೆ 'ನೀವು' ಅಂತಲೇ ಅನ್ನುವುದು. ತಂಗಿಯ ಗಂಡ, ಮರ್ಯಾದೆ ಕೊಡಬೇಕು, ಕೊಡುತ್ತೇನೆ. ಈಗ ಅವನು ಎದುರಿಗಿಲ್ಲ. ಹಾಗಾಗಿ ಇಲ್ಲಿ 'ಅವನು'.

ನಾನು ಬ್ಯಾಂಕಿನಲ್ಲಿ ಮೂರನೇ ಕಿಟಕಿ. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ, ಅದೇ ಗಾಜು, ಗಾಜಿನ ಕೆಳಗೆ ಕೈ ತೂರಿಸುವಷ್ಟು ಅದೇ ತೂತು. ಹೊರದೇಶದಿಂದ ಬಂದ ಹಣದ ಫಾರಂ ನೋಡುವುದು, ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಕೊಡುವುದು ನನ್ನ ಕೆಲಸ. ಗಾಜಿನ ಆಚೆ ಬಂದು ನಿಂತವರ ಯೋಗ್ಯತೆ ಎಷ್ಟು ಅಂತ ಪುಸ್ತಕ ತೆಗೆದು ನೋಡಿದ ಕೂಡಲೇ ಗೊತ್ತಾಗುತ್ತದೆ. ಬಾಯಿ ಎಷ್ಟು ಬೇಕಾದರೂ ಬೊಗಳೆ ಬಿಡಬಹುದು, ಪಾಸ್‌ಬುಕ್ ಬಿಡುವುದಿಲ್ಲ.

ಮದುವೆಯಾದಾಗ ಅವನು ನೀರು ಶುದ್ಧ ಮಾಡುವ ಯಂತ್ರ ಮಾರುತ್ತಿದ್ದ. ಒಂದನ್ನು ತಂದು ನಮ್ಮ ಮನೆಗೂ ಹಾಕಿದ. ಆಮೇಲೆ ಆರು ತಿಂಗಳು ನಮ್ಮ ಮನೆಯಲ್ಲಿ ನೀರು ಕುಡಿದವರೆಲ್ಲ ಮುಖ ಸಿಂಡರಿಸಿಕೊಂಡೇ ಹೋದರು. ಅದು ಮುಳುಗಿತು, ಕೇಬಲ್ ಕನೆಕ್ಷನ್ ಹಿಡಿದ. ಜನ ಟೀವಿ ಬಿಟ್ಟು ಫೋನಿನಲ್ಲೇ ಎಲ್ಲ ನೋಡಲು ಶುರು ಮಾಡಿದ ವರ್ಷವೇ ನೋಡಿಕೊಂಡು ಇವನು ಮೂರು ಬೀದಿಗೆ ಹೊಸ ವೈರು ಎಳೆಸಿದ. ಅದೂ ಮುಳುಗಿತು. ಸಾಲ ತೆಗೆದು ದೊಡ್ಡ ಜೆರಾಕ್ಸ್ ಮಶೀನು ತಂದು ಅಂಗಡಿ ಹಾಕಿದ. ಯಾವ ಕೆಲಸ ಹಿಡಿದರೂ ಮೊದಲು ಮಾಡಿಸುತ್ತಿದ್ದದ್ದು ವಿಸಿಟಿಂಗ್ ಕಾರ್ಡು, ಹೆಸರಿನ ಕೆಳಗೆ ಬಂಗಾರದ ಬಣ್ಣದಲ್ಲಿ 'ಪ್ರೊಪ್ರೈಟರ್' ಅಂತ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದಹಾಗೆ. ಅಂಥ ಕಾರ್ಡು ನಮ್ಮ ಮನೆಯಲ್ಲಿ ಮೂರು ಬಗೆಯವು ಇದ್ದವು, ನಮ್ಮ ಯಜಮಾನರು ಅವುಗಳ ಹಿಂದೆ ಹಾಲಿನ ಲೆಕ್ಕ ಬರೆಯುತ್ತಿದ್ದರು.

ಆ ಜೆರಾಕ್ಸ್ ಮಶೀನಿನ ಸಾಲ ತೀರಿಸಲು ನನ್ನ ತಂಗಿ ಹೊರದೇಶಕ್ಕೆ ಹೋದಳು. ಗಂಡಸು ಮಾಡಿದ ಸಾಲಕ್ಕೆ ಹೆಂಗಸು ವಿಮಾನ ಹತ್ತಿದಳು. ಅಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ. ಎತ್ತಿ ಕೂರಿಸಬೇಕು, ಮೈ ಒರೆಸಬೇಕು, ಬೆನ್ನಿಗೆ ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹೋಗುವಾಗ ಅವಳ ಮಗಳಿಗೆ ನಾಲ್ಕು ವರ್ಷ. ಮೂರು ವರ್ಷಕ್ಕೆ ಅಂತ ಹೋದವಳು ಐದು ವರ್ಷ ಇದ್ದಳು. ಸಾಲ ಎರಡೇ ವರ್ಷದಲ್ಲಿ ತೀರಿತ್ತು. ಉಳಿದ ಮೂರು ವರ್ಷ ದುಡಿದದ್ದು ಬೇರೆ ಒಂದು ಆಸೆಗೆ.

ಅವಳ ಆಸೆ ಇದು. ನಮ್ಮ ಬೀದಿಯಿಂದ ಸ್ವಲ್ಪ ದೂರದಲ್ಲಿ ಒಂದು ನೆಲಮಹಡಿ ಮನೆ, ಮೂರು ಕೋಣೆ, ಮುಂದೆ ಅಂಗಳ, ಒಂದೂ ಮೆಟ್ಟಿಲಿಲ್ಲ. ಅದನ್ನು ಹತ್ತು ವರ್ಷಕ್ಕೆ ಭೋಗ್ಯಕ್ಕೆ ಹಿಡಿಯುವುದು. ಮಕ್ಕಳು ಕೆಲಸಕ್ಕೆ ಹೋದಾಗ ಮನೆಯಲ್ಲಿ ಒಬ್ಬರೇ ಉಳಿಯುವ ವಯಸ್ಸಾದವರನ್ನು ಬೆಳಿಗ್ಗೆ ತಂದು ಬಿಟ್ಟು ಸಂಜೆ ಕರೆದುಕೊಂಡು ಹೋಗುವ ಹಾಗೆ ಒಂದು ಜಾಗ ಮಾಡುವುದು. "ಐದು ವರ್ಷ ಅಲ್ಲಿ ಕಲಿತಿದೀನಿ ಅಕ್ಕ, ಇಲ್ಲಿ ಬಂದು ನಂದೇ ಅಂತ ಮಾಡ್ತೀನಿ. ಮಗಳ ಜೊತೆಗೂ ಇರ್ತೀನಿ," ಅನ್ನುತ್ತಿದ್ದಳು. ಮನೆ ಮಾಲೀಕ ಹನ್ನೊಂದು ಲಕ್ಷ ಒಟ್ಟಿಗೆ ಕೇಳಿದ್ದ. ಹನ್ನೊಂದು ಲಕ್ಷ ಸೇರಿದ ದಿನ ಅವಳು ವಾಪಸ್. ಅಷ್ಟು ಸರಳ.

ಮೊದಮೊದಲು ಹಣ ನನ್ನ ಕಿಟಕಿಗೇ ಬರುತ್ತಿತ್ತು. ಗಂಡ ಹೆಂಡತಿ ಇಬ್ಬರ ಹೆಸರಿನ ಖಾತೆ ನಮ್ಮ ಶಾಖೆಯಲ್ಲೇ ಇತ್ತು. ಅವಳು ಅಲ್ಲಿ ಕಟ್ಟಿದರೆ ಇವನು ಇಲ್ಲಿ ಫಾರಂ ತುಂಬಿ ತಂದು ಕೊಡಬೇಕು. ಸತ್ಯ ಹೇಳಿಬಿಡುತ್ತೇನೆ, ನಾನು ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಸಹಿ ಹೊಂದುತ್ತಿಲ್ಲ, ಇನ್ನೊಂದು ಸಲ ಹಾಕಿ. ಈ ಕಾಲಂ ಖಾಲಿ ಬಿಟ್ಟಿದೀರಿ. ಉದ್ಯೋಗ ಅಂತ ಕೇಳಿದ ಕಡೆ 'ಬಿಸಿನೆಸ್' ಅಂತ ಬರೆದಿದೀರಲ್ಲ, ಯಾವ ಬಿಸಿನೆಸ್? ಇದನ್ನೆಲ್ಲ ಸಾಲಿನಲ್ಲಿ ನಿಂತವರಿಗೂ ಕೇಳುವ ಹಾಗೆ ಹೇಳುತ್ತಿದ್ದೆ. ಹೆಂಡತಿಯ ಬೆವರಿನ ದುಡ್ಡು ತೆಗೆದುಕೊಳ್ಳಲು ಬಂದವನಿಗೆ ಅಷ್ಟಾದರೂ ಬಿಸಿ ಮುಟ್ಟಬೇಡವೇ?

ಒಂದು ತಿಂಗಳು ಅವನು ಬರಲಿಲ್ಲ. ಮುಂದಿನ ತಿಂಗಳೂ ಇಲ್ಲ. ನಾನೇ ಅಂಗಡಿಗೆ ಹೋದೆ. ಜೆರಾಕ್ಸ್ ಮಶೀನಿನ ಮೇಲೆ ಮೂರು ಫೋನು, ಹರಿದ ಸೀಟಿನ ತಿರುಗು ಕುರ್ಚಿಯಲ್ಲಿ ಇವನು.

"ಬನ್ನಿ ಅಕ್ಕ, ಕೂತ್ಕೊಳಿ. ಈಗ ಎಲ್ಲಾ ಕಾಯಿನ್ನಲ್ಲೇ," ಅಂದ.

"ಏನು ಕಾಯಿನ್ನು?"

"ಒಂದು ಕಾಯಿನ್ನು ಅಂದ್ರೆ ಒಂದು ಡಾಲರು. ಕೈಯಲ್ಲಿ ಹಿಡಿಯೋ ನಾಣ್ಯ ಅಲ್ಲ, ಫೋನಲ್ಲೇ ಇರತ್ತೆ. ಅವಳು ಅಲ್ಲಿ ಕೊಳ್ತಾಳೆ, ನನ್ನ ಫೋನಿಗೆ ಕಳಿಸ್ತಾಳೆ, ಎರಡೇ ನಿಮಿಷ. ನಾನದನ್ನ ಆ್ಯಪಲ್ಲಿ ಮಾರ್ತೀನಿ. ಕೊಳ್ಳೋರು ನಮ್ಮ ದೇಶದ ದುಡ್ಡು ಕೊಡ್ತಾರೆ. ನೋಡಿ, ಮಧ್ಯೆ ಬ್ಯಾಂಕೇ ಇಲ್ಲ!"

"ಅವರು ದುಡ್ಡು ಎಲ್ಲಿ ಹಾಕ್ತಾರೆ?"

"ಖಾತೆಗೆ."

"ಯಾವ ಬ್ಯಾಂಕಿನ ಖಾತೆಗೆ?"

ಸ್ವಲ್ಪ ಹೊತ್ತು ಕುರ್ಚಿ ತಿರುಗಿಸಿದ. "ನಿಮ್ಮ ಬ್ಯಾಂಕಿಗೇ ಅಕ್ಕ," ಅಂದ.

ನಗಬೇಕೋ ಅಳಬೇಕೋ ನೀವೇ ಹೇಳಿ. ಆದರೆ ತಂಗಿಯನ್ನು ಕೇಳಿದರೆ ಅವಳದ್ದು ಬೇರೆಯೇ ಲೆಕ್ಕ. ಅವಳಿಗೆ ರಜೆ ಅಂತ ಸಿಗುವುದು ಹದಿನೈದು ದಿನಕ್ಕೊಮ್ಮೆ ಅರ್ಧ ದಿನ, ಭಾನುವಾರ ಮಧ್ಯಾಹ್ನ. ಹಣ ಕಳಿಸುವ ಅಂಗಡಿಗೆ ಎರಡು ಬಸ್ಸು ಬದಲಿಸಿ ಹೋಗಿ, ಸಾಲಿನಲ್ಲಿ ನಿಂತು, ವಾಪಸ್ ಬರುವಷ್ಟರಲ್ಲಿ ಆ ಅರ್ಧ ದಿನವೂ ಮುಗಿಯುತ್ತಿತ್ತು. ಅವರು ಹಿಡಿಯುತ್ತಿದ್ದ ಶುಲ್ಕ, ನಾವು ಹಿಡಿಯುತ್ತಿದ್ದ ಶುಲ್ಕ, ರೇಟಿನಲ್ಲಿ ನುಂಗುತ್ತಿದ್ದದ್ದು ಎಲ್ಲ ಸೇರಿ ನೂರಕ್ಕೆ ಆರೇಳು ಹೋಗುತ್ತಿತ್ತು. ಈಗ ಮುದುಕಿ ನಿದ್ದೆ ಹೋದಾಗ ಮಂಚದ ಪಕ್ಕ ಕೂತೇ ಕಳಿಸುತ್ತಾಳಂತೆ, ಒಂದು ಕೂಡ ಹೋಗುವುದಿಲ್ಲವಂತೆ. "ಇವರು ಕಂಡುಹಿಡಿದದ್ದು ಅಕ್ಕ," ಅಂದಳು. ಅವಳ ಧ್ವನಿಯಲ್ಲಿ ಗಂಡನ ಬಗ್ಗೆ ಹೆಮ್ಮೆ ಇತ್ತು. ಮದುವೆಯಾದಾಗಿನಿಂದ ಆ ಧ್ವನಿ ನಾನು ಕೇಳಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಅಲ್ಲಿಂದ ಅವನ ದರ್ಬಾರು ಶುರುವಾಯಿತು. ಹೊರದೇಶದಲ್ಲಿ ಯಾರಾದರೂ ಇರುವ ಮನೆಯವರು ಒಬ್ಬೊಬ್ಬರೇ ಬಂದರು. ವೆಲ್ಡರನ ಹೆಂಡತಿ, ಹಡಗಿನ ಅಡಿಗೆಯವನ ಅಪ್ಪ, ನರ್ಸಮ್ಮನ ಅತ್ತೆ. ಅವರ ಕಾಯಿನ್ನನ್ನೂ ಇವನೇ ಮಾರಿ, ಅದೇ ಖಾತೆಗೆ ಹಾಕಿಸಿಕೊಂಡು, ನೂರಕ್ಕೆ ಅರ್ಧ ಹಿಡಿದು ಕೊಡುತ್ತಿದ್ದ. ನಾಲ್ಕನೇ ವಿಸಿಟಿಂಗ್ ಕಾರ್ಡು ಬಂತು. ಈ ಸಲ 'ಪ್ರೊಪ್ರೈಟರ್' ಅಲ್ಲ, 'ಕನ್ಸಲ್ಟೆಂಟ್'. ನಲವತ್ತು ವರ್ಷ ಯಾರೂ ಏನೂ ಕೇಳದಿದ್ದ ಮನುಷ್ಯನನ್ನು ಈಗ ಜನ ಬಂದು ಸಲಹೆ ಕೇಳುತ್ತಿದ್ದರು. "ಈಗ ಮಾರ್ಲಾ, ಸಂಜೆ ತನಕ ಕಾಯ್ಲಾ?" ಅಂತ ವೆಲ್ಡರನ ಹೆಂಡತಿ ಕೇಳಿದರೆ ಇವನು ಕಣ್ಣು ಮುಚ್ಚಿ, ಎರಡು ಬೆರಳು ಹಣೆಗಿಟ್ಟು, "ಕಾಯಿರಿ" ಅನ್ನುತ್ತಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನದ್ದು ಐಶ್ವರ್ಯವೂ ಅಲ್ಲ, ಹೆಂಡತಿಯ ಸಂಬಳ.

ಒಂದು ಭಾನುವಾರ ನಮ್ಮ ಮನೆಯಲ್ಲಿ ನೆಂಟರೆಲ್ಲ ಊಟಕ್ಕೆ ಸೇರಿದ್ದರು. ಇವನು ಕೈ ತೊಳೆಯುತ್ತಾ ಎಲ್ಲರಿಗೂ ಕೇಳುವ ಹಾಗೆ ಹೇಳಿದ, "ಇನ್ನು ಹತ್ತು ವರ್ಷ ಅಷ್ಟೇ ನೋಡಿ, ಬ್ಯಾಂಕಿನ ಕಿಟಕಿ ಎಲ್ಲಾ ಮುಚ್ಚೋದೇ. ಅಕ್ಕನ ಕಿಟಕೀನ ಮಾತ್ರ ನಾನೇ ಕೊಂಡ್ಕೊಂಡು ಅಂಗಡಿಗೆ ಹಾಕಿಸ್ತೀನಿ. ಗಾಜು ಚೆನ್ನಾಗಿದೆ." ಎಲ್ಲರೂ ನಕ್ಕರು. ನಮ್ಮ ಯಜಮಾನರೂ ನಕ್ಕರು, ಅವರಿಗೆ ನೆತ್ತಿಗೇರಿ ನೀರು ಕುಡಿಸಬೇಕಾಯಿತು. ನಾನೂ ನಕ್ಕೆ. ನಕ್ಕು ಅಡುಗೆ ಮನೆಗೆ ಹೋಗಿ ಪಾತ್ರೆಗಳನ್ನು ಎಷ್ಟು ಸದ್ದು ಮಾಡಿ ತೊಳೆದೆ ಅಂದರೆ ಒಂದು ಲೋಟ ನಗ್ಗಿಹೋಯಿತು.

ಅದಾದ ಮೇಲೆ ಹದಿನೈದು ದಿನಕ್ಕೆ ಅವನು ಪಾಸ್‌ಬುಕ್ ಹಿಡಿದು ನನ್ನ ಕಿಟಕಿಗೆ ಬಂದ. ಮಶೀನಿಗೆ ಇಟ್ಟೆ. ಅದು ಟಿರ್ರನೆ ಹೊಡೆಯುತ್ತಲೇ ಹೋಯಿತು. ಪುಟ ತಿರುಗಿಸಿ ಇಟ್ಟೆ, ಮತ್ತೆ ಹೊಡೆಯಿತು. ಇಪ್ಪತ್ತು, ಮೂವತ್ತು ಸಾಲು, ಪ್ರತಿ ಸಾಲಿನಲ್ಲೂ ಹಣ ಹಾಕಿದವರ ಹೆಸರು ಬೇರೆ. ಒಬ್ಬ ಟೈಲರ್, ಒಂದು ಬಳೆ ಅಂಗಡಿ, ಒಂದು ಟ್ರಾವೆಲ್ಸು, ಯಾರೋ ಹೆಂಗಸರು, ಯಾರೋ ಕಾಲೇಜು ಹುಡುಗರು.

"ಯಾರಿವರೆಲ್ಲ?" ಅಂತ ಕೇಳಿದೆ.

"ಎಲ್ಲಾ ಒಬ್ಬರೇ ಗಿರಾಕಿ ಅಕ್ಕ. ಖಾಯಂ. ಬೇರೆಯವರಿಗಿಂತ ನೂರಕ್ಕೆ ಎರಡು ಜಾಸ್ತಿ ಕೊಡ್ತಾರೆ."

"ಹೆಸರು ಬೇರೆ ಬೇರೆ ಇದೆ?"

"ನಾನೂ ಕೇಳ್ದೆ. ಆ್ಯಪಿನವರು ಕೂಡ ಹೇಳ್ತಾರೆ, ಕೊಳ್ಳೋನ ಹೆಸರು ಮತ್ತೆ ಖಾತೆ ಹೆಸರು ಒಂದೇ ಇರ್ಬೇಕು ಅಂತ. ಅದಕ್ಕೆ ಅವರು ಹೇಳಿದ್ರು, ಅವರದು ಕೂಡು ಕುಟುಂಬ ಅಂತೆ. ಯಾರ ಕೈಯಲ್ಲಿ ದುಡ್ಡಿದ್ಯೋ ಅವರು ಹಾಕ್ತಾರೆ."

ಎಣಿಸಿದೆ. ಆ ಕೂಡು ಕುಟುಂಬದಲ್ಲಿ ಮೂವತ್ತೊಂದು ಜನ ಇದ್ದರು. ಒಬ್ಬರ ಮನೆತನದ ಹೆಸರು ಇನ್ನೊಬ್ಬರಿಗಿಲ್ಲ, ಒಬ್ಬರ ಊರು ಇನ್ನೊಬ್ಬರಿಗಿಲ್ಲ. ತರಕಾರಿ ಅಂಗಡಿಗೆ ಹೋಗಿ ಯಾರಾದರೂ 'ಐವತ್ತು ಅಂದ್ಯಲ್ಲಪ್ಪ, ಐವತ್ತೊಂದು ತಗೋ' ಅನ್ನುತ್ತಾರಾ? ಯಾರಾದರೂ ಹಾಗೆ ಅಂದರೆ ಅವನ ಕೈಯಲ್ಲಿರುವ ನೋಟು ಅವನದ್ದಲ್ಲ ಅಂತ ಅರ್ಥ. ಫೋನಿನಲ್ಲಿ ಯಾರಿಗೋ ಮೋಸ ಮಾಡಿ ಕಿತ್ತ ದುಡ್ಡನ್ನು ನಾಲ್ಕಾರು ಖಾತೆ ಸುತ್ತಿಸಿ, ಇಂಥ ಪೆದ್ದನ ಖಾತೆಗೆ ಹಾಕಿ, ಬದಲಿಗೆ ಕಾಯಿನ್ನು ಎತ್ತಿಕೊಂಡು ಹೋಗುತ್ತಾರೆ. ಕಾಯಿನ್ನು ಹೋದ ಮೇಲೆ ಯಾರ ಕೈಗೂ ಸಿಗುವುದಿಲ್ಲ, ಪೊಲೀಸರ ಕೈಗೆ ಸಿಗುವುದು ಪೆದ್ದನ ಖಾತೆ ಮಾತ್ರ.

ಇದು ನನಗೆ ಹೇಗೆ ಗೊತ್ತು? ನನ್ನ ಟೇಬಲ್ಲಿನ ಡ್ರಾಯರಿನಲ್ಲಿ ಸುತ್ತೋಲೆ ಇತ್ತು. ಪೊಲೀಸರು ಎಲ್ಲ ಬ್ಯಾಂಕಿಗೂ ಕಳಿಸಿದ್ದು. ಸಂಬಂಧವಿಲ್ಲದ ಹಲವರಿಂದ ಒಂದೇ ಖಾತೆಗೆ ಹಣ ಬರುತ್ತಿದ್ದರೆ ಗ್ರಾಹಕರನ್ನು ಎಚ್ಚರಿಸಿ, ಮ್ಯಾನೇಜರಿಗೆ ತಿಳಿಸಿ ಅಂತ ಸ್ಪಷ್ಟವಾಗಿ ಬರೆದಿತ್ತು. ಓದಿದ್ದೇನೆ ಅಂತ ನಾನು ಸಹಿಯೂ ಹಾಕಿದ್ದೆ.

ಒಂದು ಮಾತು ಸಾಕಿತ್ತು. 'ಬೇರೆ ಹೆಸರಿನ ಖಾತೆಯಿಂದ ಬಂದರೆ ಮುಟ್ಟಬೇಡಿ, ಅದು ಯಾರದೋ ಮನೆ ಮುರಿದ ದುಡ್ಡು.' ಅಷ್ಟು ಹೇಳಿದ್ದರೆ ಅವನು ಹೆದರಿ ಬಿಟ್ಟುಬಿಡುತ್ತಿದ್ದ, ಅವನು ಮೂಲತಃ ಪುಕ್ಕಲ. ನಾನು ಹೇಳಲಿಲ್ಲ. ಪಾಸ್‌ಬುಕ್ ಮುಚ್ಚಿ ಗಾಜಿನ ಕೆಳಗಿಂದ ತಳ್ಳಿ, "ದೊಡ್ಡ ಸಂಸಾರ ಪಾಪ," ಅಂದೆ. ಅವನು ಹೌದು ಅಂತ ತಲೆ ಆಡಿಸಿದ.

ಬೀಳಲಿ, ಒಂದು ಸಲ ಸರಿಯಾಗಿ ಬೀಳಲಿ, ಬುದ್ಧಿ ಬರಲಿ ಅಂತ ನನ್ನ ಮನಸ್ಸಿನಲ್ಲಿದ್ದದ್ದು. ಸ್ಟೇಷನ್ನಿನಿಂದ ಒಂದು ಫೋನು ಬರಲಿ, ಹತ್ತಿಪ್ಪತ್ತು ಸಾವಿರ ಕೈಬಿಡಲಿ, ಕನ್ಸಲ್ಟೆಂಟ್ ಸಾಹೇಬರು ತಲೆ ತಗ್ಗಿಸಿಕೊಂಡು ನನ್ನ ಕಿಟಕಿಗೆ ಬರಲಿ. ಅದನ್ನು ನೋಡುವುದಕ್ಕೆ ನಾನು ಕಾದೆ. ಒಂದು ವರ್ಷ ಕಾದೆ. ಪ್ರತಿ ತಿಂಗಳು ಪಾಸ್‌ಬುಕ್ ಬಂದಾಗ ಆ ಹೆಸರುಗಳನ್ನು ಓದಿ ಒಳಗೊಳಗೇ ಖುಷಿಪಟ್ಟೆ. ನಡುವೆ ಇನ್ನೊಂದೂ ಕಾಣುತ್ತಿತ್ತು. ಊರವರ ದುಡ್ಡು ಬಂದು ಹೋಗುತ್ತಿತ್ತು, ತಂಗಿಯ ದುಡ್ಡು ಮಾತ್ರ ನಿಲ್ಲುತ್ತಿತ್ತು. ಏಳು ಲಕ್ಷ, ಎಂಟೂವರೆ, ಹತ್ತು. ಈ ನಾಲಾಯಕ್ಕು ಅದರಲ್ಲಿ ಒಂದು ಕಾಸನ್ನೂ ಮುಟ್ಟಿರಲಿಲ್ಲ. ಮನೆಯನ್ನು ತನ್ನ ಕಮಿಷನ್ನಿನಲ್ಲೇ ನಡೆಸುತ್ತಿದ್ದ. ಅದು ನನಗೆ ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ.

ಕೊನೆಗೆ ಹನ್ನೊಂದು ಲಕ್ಷ ದಾಟಿತು. ತಂಗಿ ಅಲ್ಲಿನ ಏಜೆನ್ಸಿಗೆ 'ನಾನು ಮುಂದುವರಿಯುವುದಿಲ್ಲ' ಅಂತ ಹೇಳಿದಳು. ತಿಂಗಳ ಕೊನೆಯ ಸೋಮವಾರ ಅವಳ ಕರಾರು ಮುಗಿಯುತ್ತಿತ್ತು. ಅಷ್ಟರೊಳಗೆ ಮನಸ್ಸು ಬದಲಾದರೆ ಇನ್ನೆರಡು ವರ್ಷಕ್ಕೆ ಸಹಿ ಹಾಕಬಹುದು, ಇಲ್ಲದಿದ್ದರೆ ವಾಪಸ್ ಟಿಕೆಟ್. ಇಲ್ಲಿ ಒಂಬತ್ತು ವರ್ಷದ ಮಗಳು ತನ್ನ ಬಟ್ಟೆ ಬೀರುವಿನಲ್ಲಿ ಒಂದು ಅರೆ ಪೂರ್ತಿ ಖಾಲಿ ಮಾಡಿ, ಒರೆಸಿ, ಪೇಪರು ಹಾಸಿ, ಅಮ್ಮನ ಬಟ್ಟೆಗೆ ಅಂತ ಇಟ್ಟಳು.

ಆ ಸೋಮವಾರಕ್ಕೆ ಇನ್ನು ಒಂಬತ್ತು ದಿನ ಇರುವಾಗ ಅವನು ಹನ್ನೊಂದು ಲಕ್ಷದ ಚೆಕ್ಕು ಬರೆದುಕೊಂಡು ಬಂದ. ಇಸ್ತ್ರಿ ಮಾಡಿದ ಶರ್ಟು, ಪಕ್ಕದಲ್ಲಿ ಮನೆ ಮಾಲೀಕ. ನಂಬರು ಒತ್ತಿದೆ. ಪರದೆಯ ಮೇಲೆ ಕೆಂಪು ಪಟ್ಟಿ ಬಂತು. ಖಾತೆ ತಡೆಹಿಡಿಯಲಾಗಿದೆ, ದೂರದ ಊರಿನ ಪೊಲೀಸರ ಆದೇಶ. ಯಾರೋ ನಿವೃತ್ತ ಬಸ್ ಡ್ರೈವರ್ ಒಬ್ಬನ ಉಳಿತಾಯವನ್ನೆಲ್ಲ ಫೋನಿನಲ್ಲಿ ಹೆದರಿಸಿ ಕಿತ್ತಿದ್ದರಂತೆ. ಅದರಲ್ಲಿ ನಲವತ್ತೆರಡು ಸಾವಿರ, ಮೂರು ಖಾತೆ ದಾಟಿ, ಇಲ್ಲಿ ಬಂದು ಬಿದ್ದಿತ್ತು. ನಲವತ್ತೆರಡು ಸಾವಿರಕ್ಕೆ ಪೂರ್ತಿ ಖಾತೆ ಬಂದ್.

ಗಾಜಿನ ಮೂಲಕ ಹೇಳಿದೆ. ಅವನು ನಗುತ್ತಲೇ, "ಸರ್ವರ್ ಪ್ರಾಬ್ಲಮ್ ಇರ್ಬೇಕು ಅಕ್ಕ, ಇನ್ನೊಂದ್ಸಲ ನೋಡಿ," ಅಂದ.

ಒಂದು ವರ್ಷದಿಂದ ಈ ಹೊತ್ತಿಗೆ ಅಂತ ನಾನೊಂದು ಮಾತು ಸಿದ್ಧ ಮಾಡಿ ಇಟ್ಟುಕೊಂಡಿದ್ದೆ. ಅದನ್ನು ಆಡಿಯೇಬಿಟ್ಟೆ. "ನಿಮ್ಮ ಕೂಡು ಕುಟುಂಬದಲ್ಲಿ ಯಾರೋ ಕಳ್ಳರು ಹುಟ್ಟಿದಾರೆ ನೋಡಿ," ಅಂದೆ.

ಸಾಲಿನಲ್ಲಿದ್ದ ಇಬ್ಬರು ನಕ್ಕರು. ಅವನು ನಗಲಿಲ್ಲ. ಚೆಕ್ಕಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. "ಅಕ್ಕ, ಅದು ಅವಳ ದುಡ್ಡು," ಅಂದ. "ನಂದಲ್ಲ ಅಕ್ಕ. ಅವಳು ಬರ್ಬೇಕು."

ಗೊತ್ತಿರಲಿಲ್ಲ ಅಂತ ನಾನು ಹೇಳುವ ಹಾಗಿಲ್ಲ. ಬೇರೆ ಯಾರಾದರೂ ಹೇಳಬಹುದು. ತಡೆ ಬಿದ್ದರೆ ಇಡೀ ಖಾತೆಗೆ ಬೀಳುತ್ತದೆ ಅಂತ ಇಪ್ಪತ್ತೆರಡು ವರ್ಷ ಆ ಕುರ್ಚಿಯಲ್ಲಿ ಕೂತವಳಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು? ಅವನು ಬೀಳುವುದನ್ನು ನೋಡುವ ಆತುರದಲ್ಲಿ ಅವನ ಹೆಗಲ ಮೇಲೆ ಯಾರು ಕೂತಿದ್ದಾರೆ ಅಂತ ನಾನು ನೋಡಲಿಲ್ಲ. ನೋಡಬಾರದು ಅಂತ ನೋಡಲಿಲ್ಲ.

ಅವನು ಅವತ್ತೇ ಆ ದೂರದ ಊರಿಗೆ ಬಸ್ಸು ಹತ್ತಿದ. ತಂಗಿಯ ಐದು ವರ್ಷದ ಸಂಬಳದ ಚೀಟಿಗಳನ್ನೆಲ್ಲ ತನ್ನ ಮಶೀನಿನಲ್ಲೇ ಜೆರಾಕ್ಸ್ ಮಾಡಿ, ಕಾಯಿನ್ನು ಬಂದದ್ದು ಹೋದದ್ದು ಎಲ್ಲ ಪ್ರಿಂಟ್ ತೆಗೆದು, ಎರಡು ಚೀಲ ತುಂಬಿಕೊಂಡು ಹೋದ. ನಾಲ್ಕು ದಿನ ಬಿಟ್ಟು ಬಂದ. ಅದೇ ಶರ್ಟು, ಕಾಲರು ಕಪ್ಪಾಗಿತ್ತು. ನೇರ ನಮ್ಮ ಮನೆಗೇ ಬಂದು, ಒಳಗೂ ಬರದೆ, ಹೊಸ್ತಿಲ ಹತ್ತಿರವೇ ಕೂತ.

"ನಲವತ್ತೆರಡು ಸಾವಿರ ಈಗಲೇ ಕಟ್ಟಿಬಿಡ್ತೀನಿ ಅಂದೆ. ಆಗಲ್ಲ ಅಂದ್ರು. ಇನ್ನೂ ಎರಡು ಊರಿನಿಂದ ದೂರು ಇದ್ಯಂತೆ. ಎಲ್ಲಾ ಮುಗಿಯೋಕೆ ಎಂಟು ತಿಂಗಳೋ, ವರ್ಷವೋ," ಅಂದ. ನೀರು ಕೊಟ್ಟೆ, ಕುಡಿದ. ಲೋಟ ಕೆಳಗಿಟ್ಟು, ಅದನ್ನೇ ನೋಡುತ್ತಾ, "ಅಲ್ಲಿನ ಸಾಹೇಬರು ಒಂದು ಹಾಳೆ ತೋರಿಸಿದ್ರು ಅಕ್ಕ," ಅಂದ. "ಎರಡು ವರ್ಷದ ಹಿಂದೇನೇ ಎಲ್ಲಾ ಬ್ಯಾಂಕಿಗೂ ಕಳಿಸಿದ್ರಂತೆ. ನಿಮ್ಮ ಬ್ಯಾಂಕಿನೋರು ಏನೂ ಹೇಳಲಿಲ್ವಾ ಅಂತ ನನ್ನನ್ನೇ ಕೇಳಿದ್ರು."

ನಾನು ಲೋಟ ಎತ್ತಿ ಒಳಗಿಟ್ಟು ಬಂದೆ. ಅವನು ಮುಂದೆ ಏನೂ ಕೇಳಲಿಲ್ಲ. ಚೀಲ ಎತ್ತಿಕೊಂಡು ಮನೆಗೆ ಹೋದ. ಮನೆ ಮಾಲೀಕ ಅಷ್ಟರಲ್ಲಿ ಆ ನೆಲಮಹಡಿಯನ್ನು ಒಬ್ಬ ಹಲ್ಲಿನ ಡಾಕ್ಟರಿಗೆ ಕೊಟ್ಟುಬಿಟ್ಟಿದ್ದ. ಅವನ ತಪ್ಪೇನಿಲ್ಲ, ಹಲ್ಲಿನ ಡಾಕ್ಟರ ಹತ್ತಿರ ದುಡ್ಡಿತ್ತು.

ಸೋಮವಾರಕ್ಕೆ ಮುಂಚಿನ ಭಾನುವಾರ ಮಧ್ಯಾಹ್ನ, ತಂಗಿಯ ಅರ್ಧ ದಿನದ ರಜೆಯಲ್ಲಿ, ಅವರ ಮನೆಯ ಹಾಲಿನಲ್ಲಿ ಎಲ್ಲರೂ ಕೂತೆವು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟಿದ್ದ. ತಂಗಿ ಅತ್ತು ಮುಗಿಸಿಯೇ ಫೋನು ಮಾಡಿದ್ದಳು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮಗಳು ಐದು ನಿಮಿಷ ಮಾತಾಡಿ ಒಳಗೆ ಹೋದಳು. ಯಾರೂ ಹೇಳದಿದ್ದರೂ ತನ್ನ ಬಟ್ಟೆಗಳನ್ನು ಆ ಖಾಲಿ ಅರೆಗೆ ವಾಪಸ್ ಜೋಡಿಸುತ್ತಿದ್ದಳು.

"ನಾಳೆ ಸಹಿ ಹಾಕ್ತೀನಿ. ಇನ್ನೆರಡು ವರ್ಷ," ಅಂದಳು ತಂಗಿ. ಆಮೇಲೆ ಅವಳು ನನ್ನ ಕಡೆ ನೋಡಿದಳು.

"ಅಕ್ಕ, ಆ ಖಾತೆ ಇರೋದು ನಿಮ್ಮ ಬ್ಯಾಂಕಲ್ಲೇ ತಾನೆ? ಇಷ್ಟೊಂದು ಜನರ ದುಡ್ಡು ಬರ್ತಿತ್ತಲ್ಲ. ನಿನ್ನ ಕಣ್ಣಿಗೆ ಬೀಳಲಿಲ್ವಾ?"

ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆನೋ ಇವತ್ತಿಗೂ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಅವನು ಮಾತಾಡಿಬಿಟ್ಟ.

"ಅಕ್ಕ ಎಲ್ಲಿಂದ ನೋಡ್ತಾರೆ? ನಾನು ಅವರ ಕೈಗೆ ಪಾಸ್‌ಬುಕ್ಕೇ ಕೊಡ್ತಿರ್ಲಿಲ್ಲ. ಹೊರಗಡೆ ಇರೋ ಮಶೀನಲ್ಲಿ ನಾನೇ ಹಾಕ್ಕೋತಿದ್ದೆ. ಒಂದ್ಸಲ ಅನುಮಾನ ಬಂದು ಕೇಳಿದ್ರು ಪಾಪ, ನಾನೇ ಸುಳ್ಳು ಹೇಳಿ ಕಳಿಸ್ದೆ."

ನಮ್ಮ ಶಾಖೆಯ ಹೊರಗಡೆ ಅಂಥ ಮಶೀನೇ ಇಲ್ಲ.

ತಂಗಿ ಅವನ ಮೇಲೆ ತಿರುಗಿಬಿದ್ದಳು. ಹದಿಮೂರು ವರ್ಷದ ಸಂಸಾರದಲ್ಲಿ ಅವಳು ಗಂಡನಿಗೆ ಅಷ್ಟು ಬೈದದ್ದನ್ನು ನಾನು ಕೇಳಿಲ್ಲ. ನಿಮ್ಮನ್ನ ನಂಬಿದ್ದೇ ನನ್ನ ತಪ್ಪು, ಅಕ್ಕ ಮೊದಲಿನಿಂದ ಬಡ್ಕೋತಿದ್ಲು, ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ, ನಿಮ್ಮ ಕೈಗೆ ದುಡ್ಡು ಕೊಟ್ಟ ನನ್ನ ಬುದ್ಧಿಗಿಷ್ಟು. ಅವನು ತಲೆ ತಗ್ಗಿಸಿ ಕೂತು ಎಲ್ಲ ಕೇಳಿಸಿಕೊಂಡ. ನಾನು ಪಕ್ಕದಲ್ಲೇ ಕೂತಿದ್ದೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಬೈದು ಸುಸ್ತಾದ ಮೇಲೆ ತಂಗಿ ನನಗೆ ಹೇಳಿದಳು, "ಇನ್ಮೇಲೆ ಎಲ್ಲಾ ನಿನ್ನ ಹೆಸರಿಗೇ ಕಳಿಸ್ತೀನಿ ಅಕ್ಕ. ನೀನೇ ನೋಡ್ಕೋ. ನಿನ್ನ ಬಿಟ್ರೆ ನನಗೆ ಯಾರಿದಾರೆ?"

"ಹೂಂ, ಕಳಿಸು," ಅಂದೆ.

ಫೋನು ಇಟ್ಟ ಮೇಲೆ ಅವನು ಬಾಗಿಲ ತನಕ ಬಂದ. ನನಗೆ ತಡೆಯಲಾಗಲಿಲ್ಲ. "ಯಾಕೆ ಹಾಗೆ ಹೇಳಿದ್ರಿ?" ಅಂತ ಕೇಳಿದೆ.

ಅವನು ನನ್ನ ಮುಖ ನೋಡಲಿಲ್ಲ. "ಅವಳು ಅಲ್ಲಿ ಇನ್ನೂ ಎರಡು ವರ್ಷ ಒಬ್ಬಳೇ ಕಳೀಬೇಕು ಅಕ್ಕ. ಇಲ್ಲಿ ನಂಬೋಕೆ ಅಂತ ಒಬ್ರಾದ್ರೂ ಬೇಕಲ್ಲ," ಅಂದ.

ನೀರಿನ ಯಂತ್ರ ಮಾರಿ ನಮ್ಮ ಬಾಯಿ ಕೆಡಿಸಿದ್ದನ್ನು ಕ್ಷಮಿಸಬಲ್ಲೆ. ಕೇಬಲ್ಲು, ಕಾರ್ಡು, ಕಾಯಿನ್ನು, ಆ ಮೂವತ್ತೊಂದು ಜನರ ಕುಟುಂಬ, ಎಲ್ಲವನ್ನೂ ಕ್ಷಮಿಸಬಲ್ಲೆ. ಇದೊಂದನ್ನು ಮಾತ್ರ ಕ್ಷಮಿಸಲಾರೆ. ತಿಂಗಳಿಗೊಮ್ಮೆ ತಂಗಿ ಫೋನು ಮಾಡಿ, ದುಡ್ಡು ತಲುಪಿತಾ ಅಕ್ಕ, ನೀನಿದ್ದೀಯಲ್ಲ ಅಂತ ನನಗೆ ನಿಶ್ಚಿಂತೆ, ಅನ್ನುತ್ತಾಳೆ. ಅಂಥ ಅಯೋಗ್ಯನ ದಯೆಯಲ್ಲಿ ನಾನು ಒಳ್ಳೆಯವಳಾಗಿ ಓಡಾಡಿಕೊಂಡಿದ್ದೇನೆ. ಥೂ.